ಬುದ್ಧಿಯವರ ಕೋಣೆ

ಕಪಿಲೆಯ ದಂಡೆಯಲ್ಲಿ ಒಂದು ಮಠ. ಮಠ ಅಂದ ತಕ್ಷಣ ಏನೋ ದೊಡ್ಡದು ಅಂದುಕೊಂಡುಬಿಡಬೇಡಿ. ಹೆಂಚಿನದೊಂದು ತೊಟ್ಟಿಮನೆ, ಹೊಗೆ ಹಿಡಿದ ಅಡುಗೆಮನೆ, ಹೊಳೆಗೆ ಇಳಿಯಲು ನಾಲ್ಕು ಕಲ್ಲು. ಅಷ್ಟೆ.

ಅಲ್ಲಿದ್ದ ಸ್ವಾಮಿಗಳಿಗೆ ಉದ್ದನೆಯ ಹೆಸರೊಂದಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಸುತ್ತಲಿನವರೆಲ್ಲ ‘ಬುದ್ಧಿಯವರು’ ಅನ್ನುತ್ತಿದ್ದರು. ಅವರಿಗೂ ಅದೇ ಸಾಕಾಗಿತ್ತು.

ಅವರ ಶಿಷ್ಯರಲ್ಲಿ ಮರಿಸಿದ್ದಪ್ಪ ಅಂತ ಒಬ್ಬ. ಪೇಟೆಯಲ್ಲಿ ಹೋಟೆಲು ಇಟ್ಟಿದ್ದ. ಒಳ್ಳೆಯ ಮನುಷ್ಯ, ಬಲು ಭಕ್ತ, ಕೈಯೂ ಧಾರಾಳ. ಒಂದೇ ಒಂದು ಕಷ್ಟವೆಂದರೆ, ಬುದ್ಧಿಯವರು ಆಡಿದ ಮಾತನ್ನು ಅರ್ಧ ಕೇಳಿಸಿಕೊಂಡು, ಎದ್ದು ಓಡಿ, ಪೂರ್ತಿ ಮಾಡಿ ಮುಗಿಸಿಬಿಡುತ್ತಿದ್ದ.

ಒಂದು ಬೆಳಿಗ್ಗೆ ಮರಿಸಿದ್ದಪ್ಪ ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ಬಂದ. ಅಡ್ಡಬಿದ್ದ. ಎದ್ದವನೇ ಸುರುಳಿ ಬಿಚ್ಚಿ ಜಗಲಿಯ ಮೇಲೆ ಹರಡಿದ. ಮನೆಯ ನಕ್ಷೆ.

“ಮನೆ ರಿಪೇರಿ ಹಿಡಿದಿದ್ದೀನಿ ಬುದ್ಧಿ. ತಮ್ಮ ಆಶೀರ್ವಾದ ಬೇಕು.”

“ರಿಪೇರಿನೋ, ಹೊಸ ಮನೇನೋ?”

“ಹೊರಗೋಡೆ ಅಪ್ಪನ ಕಾಲದ್ದೇ. ಒಳಗಿರೋದೆಲ್ಲ ಹೊಸದು.”

ಮರಿಸಿದ್ದಪ್ಪನ ಬೆರಳು ನಕ್ಷೆಯ ಮೇಲೆ ಓಡಿತು. “ಮೊದಲು ಬರೀ ಅಡ್ಡಗೋಡೆ ಬುದ್ಧಿ, ಹಗಲಲ್ಲೂ ದೀಪ ಹಾಕಬೇಕಿತ್ತು. ಎಲ್ಲ ತೆಗೆಸಿಬಿಟ್ಟೆ. ಈಗ ನಡುಮನೆ, ಊಟದ ಜಾಗ, ಅಡುಗೆಮನೆ, ಎಲ್ಲ ಒಂದೇ ಹಾಲು. ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಕರಿಬೇವಿನ ಗಿಡ ಕಾಣುತ್ತೆ!”

“ಭೇಷ್. ಆಮೇಲೆ?”

“ಇದು ನಾನೂ ಮಂಗಳಾನೂ ಇರೋದು. ಇದು ಮಗಳು ಸಿಂಚನಂದು, ಕಾಲೇಜು ಹುಡುಗಿ ನೋಡಿ, ಓದಿಕೊಳ್ಳೋಕೆ ಬಾಗಿಲು ಹಾಕ್ಕೊಬೇಕು ಅಂತಾಳೆ. ಇದು ದೇವರಮನೆ. ಬಾಗಿಲಿಗೆ ಗಂಟೆ ಇರುತ್ತೆ, ತೆಗೆದರೆ ಘಲ್ಲನ್ನುತ್ತೆ.”

“ನಿನ್ನಕ್ಕಂದು ಯಾವುದಪ್ಪ?”

“ಅಕ್ಕಂದಾ?” ಮರಿಸಿದ್ದಪ್ಪ ನಕ್ಕುಬಿಟ್ಟ. “ಇಡೀ ಮನೇನೇ ಅವಳದು ಬುದ್ಧಿ!”

ಬುದ್ಧಿಯವರು ತಲೆಯಾಡಿಸಿದರು. ಆಮೇಲೆ ನಕ್ಷೆಯ ಈಶಾನ್ಯ ಮೂಲೆಗೆ ಬೆರಳಿಟ್ಟರು. ಅಲ್ಲೊಂದು ಕೋಣೆ, ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಯಾರೋ ಹಳದಿ ಬಣ್ಣ ಬೇರೆ ತುಂಬಿದ್ದರು.

“ಇದು?”

ಇದೊಂದು ಪ್ರಶ್ನೆಗಾಗಿಯೇ ಮರಿಸಿದ್ದಪ್ಪ ಅಷ್ಟು ಹೊತ್ತೂ ಕಾದಿದ್ದ. ಅವನ ಮುಖ ಅರಳಿತು.

“ಅದು ತಮ್ಮದು ಬುದ್ಧಿ.”

“ನನ್ನದಾ?”

“ಬಿನ್ನಹಕ್ಕೆ ಬಂದಾಗ ತಾವು ಉಳಿಯೋಕೆ.”

ಗುರುಗಳನ್ನು ಮನೆಗೆ ಕರೆದು, ಪಾದ ತೊಳೆದು, ಊಟಕ್ಕಿಡುವುದಕ್ಕೆ ಆ ಕಡೆ ಬಿನ್ನಹ ಅನ್ನುತ್ತಾರೆ. ಮರಿಸಿದ್ದಪ್ಪನ ಮನೆಯಲ್ಲಿ ಅದು ವರ್ಷಕ್ಕೊಂದು ಸಲ.

“ಸಾಗುವಾನಿ ಬಾಗಿಲು ಬುದ್ಧಿ. ಮೇಲೆ ನಂದಿ ಕೆತ್ತಿಸ್ತಾ ಇದ್ದೀನಿ. ಬೇರೆ ಯಾರೂ ಒಳಗೆ ಕಾಲಿಡಂಗಿಲ್ಲ.”

“ವರ್ಷದ ಮಿಕ್ಕ ದಿನ?”

“ಬೀಗ.”

“ಇಲ್ಲಿ ಮೊದಲು ಏನಿತ್ತು?”

“ಉಗ್ರಾಣ ಇತ್ತು ಬುದ್ಧಿ. ಕತ್ತಲ ಗೂಡು. ಅಕ್ಕಿ ಮೂಟೆ, ಉಪ್ಪಿನಕಾಯಿ ಜಾಡಿ, ಅಕ್ಕನ ಟ್ರಂಕು. ಬಾಗಿಲು ಬೇರೆ ಸೊಟ್ಟ, ಭುಜ ಕೊಟ್ಟು ನೂಕಿದರೇ ಮುಚ್ಚೋದು. ಕೆಡವಿಸಿ ಬಿಸಾಕಿದೆ.”

ಬುದ್ಧಿಯವರು ನಕ್ಷೆಯನ್ನು ನಿಧಾನವಾಗಿ ಸುತ್ತಿ ಶಿಷ್ಯನ ಕೈಗೆ ಕೊಟ್ಟರು.

“ನಿನ್ನೆ ಚೆನ್ನಾಜಮ್ಮ ಬಂದಿದ್ದಳಪ್ಪ.”

ಚೆನ್ನಾಜಮ್ಮ ಮರಿಸಿದ್ದಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು. ತಾಯಿ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿದವಳು, ಶಾಲೆಗೆ ಕಳಿಸಿದವಳು, ಹೆಣ್ಣು ನೋಡಿ ಮದುವೆ ಮಾಡಿದವಳು. ಹೋಟೆಲಿನ ಸಾರಿಗೆ ಹೆಸರು ಬಂದಿದ್ದೇ ಅವಳು ಕುಟ್ಟಿಕೊಡುವ ಪುಡಿಯಿಂದ.

“ಅಕ್ಕ ಇಲ್ಲಿಗಾ? ನನಗೆ ಹೇಳಲೇ ಇಲ್ಲ!”

“ಮಠದ ಅಡುಗೆಮನೇಲಿ ಒಂದು ಜಾಗ ಕೊಡಿ, ಇಲ್ಲೇ ಇದ್ದುಬಿಡ್ತೀನಿ ಅಂದಳು. ಈ ವರ್ಷದ ಬಿನ್ನಹ ಮುಗಿಸಿಕೊಂಡು ಮಾರನೇ ದಿನ ಬರ್ತಾಳಂತೆ. ತಮ್ಮನಿಗೆ ನೀವೇ ಹೇಳಿ ಬುದ್ಧಿ, ನನಗೆ ಬಾಯಿ ಬರಲ್ಲ ಅಂದಳು.”

ಮರಿಸಿದ್ದಪ್ಪ ಜಗಲಿಯ ಮೇಲೇ ಕುಸಿದು ಕೂತ.

“ಯಾಕಂತೆ?”

“ನಾನು ಕೇಳಲಿಲ್ಲ. ನಿನಗೆ ಗೊತ್ತಿರುತ್ತೆ ಅಂದುಕೊಂಡೆ.”

“ನನಗೇನು ಗೊತ್ತು ಬುದ್ಧಿ! ಮಂಗಳ ಒಂದು ದಿನ ಅವಳಿಗೆ ಎದುರು ಮಾತಾಡಿದವಳಲ್ಲ. ಮಗಳಿಗೆ ಅತ್ತೆ ಅಂದರೆ ಪ್ರಾಣ. ಉಡೋಕೆ ಕಮ್ಮಿಯಾ, ಉಣ್ಣೋಕೆ ಕಮ್ಮಿಯಾ? ಅರಮನೆಯಂಥ ಮನೆ ಆಗ್ತಾ ಇರುವಾಗ ಹೊರಟು ನಿಂತಿದ್ದಾಳಲ್ಲ!” ಕೈಯಲ್ಲಿದ್ದ ನಕ್ಷೆಯನ್ನು ಪಕ್ಕಕ್ಕೆ ತಳ್ಳಿದ. “ಅವಳಿಲ್ಲದ ಮೇಲೆ ಆ ಮನೆ ತಗೊಂಡು ನಾನೇನು ಮಾಡಲಿ ಬುದ್ಧಿ? ಹೆಂಗಾದರೂ ಮಾಡಿ ಉಳಿಸಿಕೊಡಿ.”

“ಉಳಿಸೋಕೆ ನಾನ್ಯಾರು? ಒಂದು ಮಾತು ಕೇಳ್ತೀನಿ, ಯೋಚನೆ ಮಾಡಿ ಹೇಳು. ಇಷ್ಟೊಂದು ಬಾಗಿಲು ಬರೆಸಿದ್ದೀಯಲ್ಲ, ಇದರಲ್ಲಿ ನಿನ್ನಕ್ಕ ಮುಚ್ಚೋದು ಯಾವುದನ್ನ?”

“ಎಲ್ಲಾನೂ ಅವಳೇ ಮುಚ್ಚೋದು ಬುದ್ಧಿ! ಮುಂಬಾಗಿಲು ಅವಳೇ, ಹಿತ್ತಲ ಬಾಗಿಲು ಅವಳೇ, ದೇವರಮನೆ ಅವಳೇ. ಎಲ್ಲರೂ ಮಲಗಿದ ಮೇಲೆ ಒಂದೊಂದೇ ಹಾಕಿಕೊಂಡು...”

ಅಲ್ಲಿಗೆ ನಿಲ್ಲಿಸಿ ಹಣೆ ಚಚ್ಚಿಕೊಂಡ.

“ಅಯ್ಯೋ ನನ್ನ ಬುದ್ಧಿಗಿಷ್ಟು! ಗೊತ್ತಾಯ್ತು ಬುದ್ಧಿ, ಗೊತ್ತಾಯ್ತು!”

“ಏನು ಗೊತ್ತಾಯ್ತಪ್ಪ?” ಅಂತ ಬುದ್ಧಿಯವರು ಕೇಳುವ ಹೊತ್ತಿಗೆ ಮರಿಸಿದ್ದಪ್ಪ ಮಠದ ಗೇಟು ದಾಟಿದ್ದ.

ಅವನಿಗೆ ಗೊತ್ತಾಗಿದ್ದು ಇಷ್ಟು. ಅಕ್ಕನಿಗೆ ವಯಸ್ಸಾಗಿದೆ, ಬಾಗಿಲುಗಳು ಭಾರ, ಮುಚ್ಚಿ ತೆಗೆದು ಸುಸ್ತಾಗುತ್ತಾಳೆ.

ಅವತ್ತೇ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಾಗಿಲಿನ ಅಂಗಡಿಗೆ ಹೋದ. ಅಂಗಡಿಯವನು ಹೊನ್ನೆ ತೋರಿಸಿದ, ಹಲಸು ತೋರಿಸಿದ, ಗಾಜು ಕೂರಿಸಿದ್ದು ತೋರಿಸಿದ. ಮರಿಸಿದ್ದಪ್ಪ ಯಾವುದರ ಅಂದವನ್ನೂ ನೋಡಲಿಲ್ಲ. ಒಂದೊಂದನ್ನೂ ಕಿರುಬೆರಳಿನಿಂದ ತಳ್ಳಿ ನೋಡಿದ.

“ಇದು ಭಾರ. ಹಗುರದ್ದು ಕೊಡಿ.”

“ಸಾರ್, ಹಗುರ ಅಂದರೆ ಗಟ್ಟಿ ಇರಲ್ಲ.”

“ಗಟ್ಟಿ ಯಾರಿಗೆ ಬೇಕು? ನಮ್ಮಕ್ಕನ ಕೈಗೆ ಆಗಬೇಕು.”

ಮಂಗಳ ತಡೆಯಲಾರದೆ ಹೇಳಿದಳು. “ರೀ, ಬಾಗಿಲು ಇರಲಿ. ಉಗ್ರಾಣ ಕೆಡವಿದ ಮೇಲೆ ಅಕ್ಕ ಸೀರೆ ಉಡೋಕೂ ಬಚ್ಚಲಿಗೆ ಹೋಗ್ತಾರೆ ಕಣ್ರೀ.”

“ಹೋಗಲಿ ಬಿಡು. ಹೊಸ ಟೈಲ್ಸು, ಕನ್ನಡಿ ಬೇರೆ ಹಾಕಿಸಿದ್ದೀನಿ,” ಅಂದ ಮರಿಸಿದ್ದಪ್ಪ, ಇನ್ನೊಂದು ಬಾಗಿಲು ತಳ್ಳುತ್ತಾ.

ಮಂಗಳ ಅಂಗಡಿಯ ಹೊರಗೆ ಹೋಗಿ ನಿಂತಳು. ಇಂಥ ಗಂಡನಿಗೆ ಎಷ್ಟು ಅಂತ ಹೇಳುವುದು!

ಬಾಗಿಲುಗಳು ಬಂದವು. ಮರಿಸಿದ್ದಪ್ಪ ಅಕ್ಕನ ಕೈ ಹಿಡಿದುಕೊಂಡು ಹೋಗಿ ಒಂದೊಂದನ್ನೂ ಮುಚ್ಚಿಸಿದ. ಊದಿದರೆ ಹಾರುವ ಹಾಗಿದ್ದವು.

“ಹೆಂಗಿದೆ ಅಕ್ಕ?”

“ಚೆನ್ನಾಗಿದೆ ಕಣಪ್ಪ.”

“ಇನ್ನು ಆಯಾಸ ಇಲ್ಲ ಅಲ್ವಾ?”

“ಆಯಾಸ ಎಂಥದು, ಬಾಗಿಲು ಮುಚ್ಚೋಕೆ?” ಚೆನ್ನಾಜಮ್ಮ ಪ್ರೀತಿಯಿಂದ ತಮ್ಮನ ಬೆನ್ನು ತಟ್ಟಿದಳು. ಆಮೇಲೆ ನಡುಮನೆಗೆ ಹೋಗಿ, ಗೋಡೆ ಬದಿಯ ಟ್ರಂಕಿನ ಮುಂದೆ ಕೂತು, ಇದ್ದ ಸೀರೆಗಳನ್ನು ಮಡಿಸಿ ಒಂದು ಗಂಟಿಗೆ ಹಾಕತೊಡಗಿದಳು.

ಮಾರನೇ ದಿನ ಮತ್ತೆ ಮಠ.

“ಬಾಗಿಲೆಲ್ಲ ಹೂವಿನ ಹಂಗೆ ಮಾಡಿಸಿದೆ ಬುದ್ಧಿ. ಆದರೂ ಗಂಟು ಕಟ್ಟುತ್ತಾ ಇದ್ದಾಳೆ.”

ಬುದ್ಧಿಯವರು ನಗು ಬಂದರೂ ನಗಲಿಲ್ಲ. ಹುರುಳಿಕಾಯಿ ಸೋಸುತ್ತಾ ಕೂತಿದ್ದರು. ಒಂದು ಹಿಡಿ ಶಿಷ್ಯನ ಮುಂದೆಯೂ ಹಾಕಿದರು.

“ಸೋಸು. ಸೋಸುತ್ತಾ ಹೇಳು. ನಿನ್ನಕ್ಕ ಬೇಕಾದಾಗ ನೀವೆಲ್ಲ ಯಾವ ಬಾಗಿಲು ತಟ್ಟುತ್ತೀರಿ?”

“ತಟ್ಟೋದ್ಯಾಕೆ ಬುದ್ಧಿ? ನಾವೇನು ಹೊರಗಿನೋರಾ? ‘ಅಕ್ಕಾ’ ಅಂದರೆ ‘ಏನಪ್ಪ’ ಅಂತಾಳೆ. ಯಾವಾಗ ಕೂಗಿದರೂ ಅಷ್ಟೆ. ನಾನು ಮಂಚದ ಮೇಲಿಂದ ಕೂಗ್ತೀನಿ, ಮಗಳು ರೂಮಿಂದ ಕೂಗ್ತಾಳೆ, ಹೋಟೆಲ್ ಹುಡುಗರು ಬೀದಿಯಿಂದಲೇ...”

ಹುರುಳಿಕಾಯಿ ಅವನ ಕೈಯಲ್ಲೇ ನಿಂತಿತು.

“ಅಲ್ಲಾ, ದೊಡ್ಡೋಳು ಅನ್ನೋ ಮರ್ಯಾದೆ ಇಲ್ಲದೆ ಎಲ್ಲರೂ ಅರಚಾಡ್ತಾ ಇದ್ದೀವಲ್ಲ! ತಪ್ಪು, ತಪ್ಪು!”

“ಕೂತ್ಕೊಳ್ಳಯ್ಯ, ಮಾತು ಮುಗೀಲಿಲ್ಲ...”

ಎಲ್ಲಿ ಕೂರುತ್ತಾನೆ! ಅರ್ಧ ಸೋಸಿದ ಹುರುಳಿಕಾಯಿ ಅಲ್ಲೇ ಉಳಿಯಿತು.

ಎರಡು ದಿನದಲ್ಲಿ ಮನೆಗೆ ಕರೆಗಂಟೆ ಬಂತು. ಕೋಣೆ ಕೋಣೆಗೂ ಸ್ವಿಚ್ಚು. ಒತ್ತಿದರೆ ಅಡುಗೆಮನೆಯಲ್ಲಿ ಗಿಳಿ ಕೂಗಿದ ಹಾಗೆ ಸದ್ದು. ಇನ್ನು ಮೇಲೆ ಯಾರೂ ಅಕ್ಕನನ್ನು ಅರಚಿ ಕರೆಯಕೂಡದು ಅಂತ ಕಟ್ಟಪ್ಪಣೆ ಮಾಡಿದ.

ಚೆನ್ನಾಜಮ್ಮ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಗಿಳಿ ಕೂಗಿತು. ಬೆಚ್ಚಿಬಿದ್ದು ಸೌಟು ಕೆಳಗೆ ಹಾಕಿದಳು. ಸೌಟು ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಕೋಣೆಯಿಂದ ಗಿಳಿ ಕೂಗಿತು. ಮೆಣಸಿನಕಾಯಿ ಸೀದು ಮನೆಯವರೆಲ್ಲ ಕೆಮ್ಮಿದ್ದೇ ಕೆಮ್ಮಿದ್ದು.

ಮಂಗಳ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. “ಅಕ್ಕನಿಗೆ ಗಂಟೆ ಹಾಕಿಸಿದ್ದೀರಲ್ಲ, ಅವರೇನು ಆಸ್ಪತ್ರೆ ನರ್ಸಾ? ಕಿತ್ತು ಬಿಸಾಕ್ರಿ ಮೊದಲು!”

ಕಿತ್ತು ಬಿಸಾಕಿದ್ದಾಯಿತು. ಚೆನ್ನಾಜಮ್ಮ ಮಾತ್ರ ಕಣ್ಣೀರು ಬರುವಷ್ಟು ನಕ್ಕಳು. ನಗುನಗುತ್ತಲೇ ಗಂಟಿಗೆ ಇನ್ನೊಂದು ಸೀರೆ ಸೇರಿಸಿದಳು.

ಮರಿಸಿದ್ದಪ್ಪ ಕೊನೆಗೆ ಅವಳ ಮುಂದೆಯೇ ಕೂತ.

“ಯಾಕಕ್ಕ ಹೋಗ್ತೀಯ? ನಾನೇನು ತಪ್ಪು ಮಾಡಿದೆ ಹೇಳು, ಕಾಲು ಹಿಡ್ಕೋತೀನಿ.”

“ಛೆ, ಏಳು. ನೀನೇನು ಮಾಡಿಲ್ಲ ಕಣಪ್ಪ. ಹೊಳೆ ದಂಡೇಲಿ ಗಾಳಿ ಚೆನ್ನಾಗಿರುತ್ತೆ.”

“ಗಾಳಿಗಾಗಿ ತಮ್ಮನ್ನ ಬಿಟ್ಟು ಹೋಗ್ತಾರಾ?”

ಅವಳು ಉತ್ತರ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸಿಂಚನ ಬಂದು ಚಾರ್ಜರು ಕೇಳಿದಳು, ಹೋಟೆಲಿನವನು ಸಾರಿನ ಪುಡಿ ಕೇಳಿದ, ಕುಕ್ಕರು ಕೂಗಿತು. ಚೆನ್ನಾಜಮ್ಮ ಎದ್ದು ಹೋದಳು.

ಮೂರನೇ ಸಲ ಮಠಕ್ಕೆ ಹೋದಾಗ ಮರಿಸಿದ್ದಪ್ಪ ಏನೂ ವಿವರಿಸಲಿಲ್ಲ. ಅಡ್ಡಬಿದ್ದವನು ಏಳಲೇ ಇಲ್ಲ.

“ಸೋತೆ ಬುದ್ಧಿ.”

“ಒಳ್ಳೇದಾಯ್ತು. ಬಿನ್ನಹ ಯಾವತ್ತು?”

“ಬರೋ ಸೋಮವಾರ.”

“ಬರ್ತೀನಿ. ಈ ಸಲ ಊಟ ಮಾಡಿ ಎದ್ದು ಬರಲ್ಲ. ನಿನ್ನ ಮನೇಲೇ ಮಲಗಿ ಏಳ್ತೀನಿ.”

ಅಷ್ಟು ದುಃಖದಲ್ಲೂ ಮರಿಸಿದ್ದಪ್ಪನಿಗೆ ಹಿಗ್ಗು ತಡೆಯಲಿಲ್ಲ. ಹಳದಿ ಕೋಣೆಗೆ ಹೊಸ ಹಾಸಿಗೆ ತರಿಸಿದ.

ಸೋಮವಾರ ಬುದ್ಧಿಯವರು ಬಂದರು. ಪಾದಪೂಜೆ ಆಯಿತು. ಚೆನ್ನಾಜಮ್ಮ ಕೈಯಾರೆ ಬಡಿಸಿದಳು. ಕಾಯಿ ಹೋಳಿಗೆ, ಹುಳಿಯನ್ನ, ಅವರೆಕಾಳಿನ ಸಾರು. ಬುದ್ಧಿಯವರು ಸಾರನ್ನು ಎರಡನೇ ಸಲ ಹಾಕಿಸಿಕೊಂಡರು. ‘ಇನ್ನು ಮಠದ ಸಾರಿಗೆ ಯೋಗ ಬಂತು’ ಅಂತ ಯಾರೋ ನೆಂಟರು ಅಂದರು. ಮರಿಸಿದ್ದಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೇ ಹಾಕಿದ.

ನೆಂಟರು ಹೊರಟ ಮೇಲೆ ಅವನು ಸೊಂಟದಿಂದ ಬೀಗದಕೈ ತೆಗೆದ. ಈಶಾನ್ಯದ ಕೋಣೆಯ ಬೀಗ ತೆಗೆದು, ನಂದಿ ಕೆತ್ತಿದ ಬಾಗಿಲನ್ನು ಎರಡೂ ಕೈಯಿಂದ ನೂಕಿ, ಪಕ್ಕಕ್ಕೆ ಸರಿದು ಕೈಮುಗಿದು ನಿಂತ.

ಬುದ್ಧಿಯವರು ಹೊಸ್ತಿಲ ಬಳಿ ನಿಂತು ಒಳಗೆ ಇಣುಕಿದರು.

“ಬಾಗಿಲು ಚೆನ್ನಾಗಿ ಬಂದಿದೆ ಕಣಪ್ಪ. ನಂದಿ ಜೀವ ಇರೋ ಹಂಗಿದೆ.”

“ಒಳಗೆ ದಯಮಾಡಿಸಿ ಬುದ್ಧಿ.”

ಬುದ್ಧಿಯವರು ದಯಮಾಡಿಸಲಿಲ್ಲ. ಹಿಂದಕ್ಕೆ ತಿರುಗಿ, ಹೆಗಲ ಮೇಲಿನ ಕಂಬಳಿ ತೆಗೆದು, ನಡುಮನೆಯ ಗೋಡೆ ಬದಿಗೆ ನಡೆದರು. ಅಲ್ಲೊಂದು ಟ್ರಂಕು, ಟ್ರಂಕಿನ ಮೇಲೊಂದು ಗಂಟು, ಪಕ್ಕದಲ್ಲಿ ಸುತ್ತಿ ನಿಲ್ಲಿಸಿದ ಚಾಪೆ. ಆ ಟ್ರಂಕಿಗೂ ಫ್ರಿಜ್ಜಿಗೂ ನಡುವೆ ಕಂಬಳಿ ಹಾಸಿ ಮಲಗಿಬಿಟ್ಟರು.

“ಅಯ್ಯೋ ಬುದ್ಧಿ, ಅಲ್ಲಿ ಬೇಡ!”

“ಊಟ ಜಾಸ್ತಿಯಾಯ್ತು. ಒಂದು ಗಳಿಗೆ ಕಣ್ಣು ಮುಚ್ಚುತ್ತೀನಿ.”

ಮುಚ್ಚಿಯೇಬಿಟ್ಟರು. ಮರಿಸಿದ್ದಪ್ಪ ಏನು ಮಾಡುತ್ತಾನೆ? ಗುರುಗಳ ತಲೆಯ ಬಳಿ ಕಾವಲು ನಿಂತ.

ಮಂಗಳ ಪಾತ್ರೆಗಳನ್ನು ಎತ್ತಿಕೊಂಡು ಬಂದಳು. “ಶ್! ಸದ್ದು ಮಾಡಬೇಡ!” ಅಂದ ಮರಿಸಿದ್ದಪ್ಪ.

ಅವಳು ಮಜ್ಜಿಗೆ ಇಡಲು ಫ್ರಿಜ್ಜು ತೆಗೆದಳು. ಫ್ರಿಜ್ಜಿನ ಬಾಗಿಲು ಬುದ್ಧಿಯವರ ನೆತ್ತಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. “ಕಣ್ಣು ಕಾಣಲ್ವೇನೇ?” ಅಂತ ಪಿಸುಗುಟ್ಟಿದ.

“ಅದು ಇನ್ನೆಲ್ಲಿ ತೆರೆದುಕೊಳ್ಳುತ್ತೆ ರೀ? ಅಲ್ಲೇ ಅಲ್ವಾ ಇರೋದು?”

ಸಿಂಚನ ರೂಮಿನಿಂದ ಹೊರಬಂದಳು, ನೀರು ಕುಡಿದಳು, ರೂಮಿಗೆ ಹೋದಳು, ಮತ್ತೆ ಬಂದಳು. ಪ್ರತಿ ಸಲವೂ ಕಂಬಳಿ ದಾಟಬೇಕು.

“ಎಷ್ಟು ಸಲ ಓಡಾಡ್ತೀಯೇ? ಬುದ್ಧಿಯೋರು ಮಲಗಿರೋದು ಕಾಣಲ್ವಾ?”

“ಅಡುಗೆಮನೆಗೆ ಬೇರೆ ದಾರಿ ಎಲ್ಲಿದೆ ಅಪ್ಪ?”

ಅಷ್ಟರಲ್ಲಿ ಮುಂಬಾಗಿಲಿಂದ ಹೋಟೆಲಿನ ಭಟ್ಟ. ಹಿತ್ತಲಿಗೆ ಕೇಳಿಸುವ ಗಂಟಲು. “ಅಕ್ಕಾರೇ! ಸಾರಿನ ಪುಡೀ!”

ಅಡ್ಡಗೋಡೆ ಇಲ್ಲದ ಹಾಲಿನಲ್ಲಿ ಆ ಕೂಗು ಗಿರ್ರನೆ ಸುತ್ತಿತು. ಮರಿಸಿದ್ದಪ್ಪ ಓಡಿಹೋಗಿ ಭಟ್ಟನ ಬಾಯಿಗೆ ಕೈ ಅಡ್ಡ ಇಟ್ಟ. ಅವನನ್ನು ಕಳಿಸಿ ತಿರುಗಿ ಬರುವ ಹೊತ್ತಿಗೆ ಬುದ್ಧಿಯವರು ಎದ್ದು ಕೂತಿದ್ದರು.

“ಯಾಕಪ್ಪ ಎಲ್ಲರ ಮೇಲೂ ಹರಿಹಾಯ್ತಾ ಇದ್ದೀಯ?”

“ಮತ್ತೇನು ಮಾಡಲಿ ಬುದ್ಧಿ?” ಮರಿಸಿದ್ದಪ್ಪನ ಸಹನೆಯ ಕಟ್ಟೆಯೊಡೆದಿತ್ತು. “ಇದೇನು ಮಲಗೋ ಜಾಗವೇ? ಆ ಕಡೆಯಿಂದ ಬಂದೋರ ಕಾಲೂ ಇಲ್ಲೇ, ಈ ಕಡೆಯಿಂದ ಬಂದೋರ ಕಾಲೂ ಇಲ್ಲೇ. ಕಣ್ಣು ಮುಚ್ಚಂಗಿಲ್ಲ, ಕಾಲು ಚಾಚಂಗಿಲ್ಲ. ಮಾನ ಮರ್ಯಾದೆ ಇರೋ ಮನುಷ್ಯರನ್ನ ಯಾರಾದರೂ ಇಲ್ಲಿ ಮಲಗಿಸ್ತಾರಾ?”

ಹೇಳಿ ಮುಗಿಸಿದ. ಆಮೇಲೆ ಅವನ ಕಣ್ಣು ಗೋಡೆಗೆ ನಿಲ್ಲಿಸಿದ ಚಾಪೆಯ ಮೇಲೆ ಬಿತ್ತು.

ಅಡುಗೆಯ ಕಟ್ಟೆಯ ಹತ್ತಿರ ಚೆನ್ನಾಜಮ್ಮ ಸಾರಿನ ಪುಡಿಯ ಡಬ್ಬಿ ಹಿಡಿದು ನಿಂತಿದ್ದಳು. ತಮ್ಮ ತನ್ನ ಕಡೆ ನೋಡಿದ್ದು ಕಂಡು ಮುಖ ತಿರುಗಿಸಿದಳು.

“ಅಕ್ಕಾ,” ಅಂದ ಮರಿಸಿದ್ದಪ್ಪ. ಎಲ್ಲರ ಎದುರಿಗೇ ಮಗುವಿನ ಹಾಗೆ ಅತ್ತುಬಿಟ್ಟ.

“ಹೋಗಲಿ ಬಿಡಪ್ಪ,” ಅಂತ ಅವಳು ಬಂದು ತಲೆ ಸವರಿದಳು. “ನೀನು ಎಷ್ಟು ಆಸೆಯಿಂದ ಕಟ್ಟಿಸ್ತಾ ಇದ್ದೆ.”

“ಒಂದು ಮಾತು ಹೇಳಬಾರದಿತ್ತಾ?”

“ಏನಂತ ಹೇಳಲಿ? ಬುದ್ಧಿಯೋರಿಗೆ ಅಂತ ಮಾಡಿಸೋ ಕೋಣೆ. ಬೇಡ ಅಂದರೆ ಪಾಪ ಬರಲ್ವಾ?” ಅವಳು ಸೆರಗಿನಿಂದ ತಮ್ಮನ ಮುಖ ಒರೆಸಿದಳು. “ಆ ಉಗ್ರಾಣದ ಬಾಗಿಲು ಸೊಟ್ಟ ಇತ್ತು, ನಿಜ. ಆದರೆ ಒಳಗಡೆ ಒಂದು ಅಗುಳಿ ಇತ್ತು ಕಣಪ್ಪ. ನಿಮ್ಮ ಭಾವ ಹೋಗಿ ಇಲ್ಲಿಗೆ ಬಂದಾಗ ಅಲ್ಲೇ ಅತ್ತೆ. ನಿನ್ನ ಮದುವೆ ಗೊತ್ತಾದಾಗ ಅಲ್ಲೇ ಹೋಗಿ ಒಬ್ಬಳೇ ಕುಣಿದೆ, ಗೊತ್ತಾ ನಿನಗೆ?”

“ನೀನು ಕುಣಿದ್ಯಾ?”

“ಕುಣಿದೆ. ಮೂಟೆಗಳ ನಡುವೆ ಎಷ್ಟು ಜಾಗ ಇತ್ತೋ ಅಷ್ಟರಲ್ಲಿ.”

ಮಂಗಳ ಮುಖ ಮುಚ್ಚಿಕೊಂಡು ನಕ್ಕಳು. ನಗುವಿನ ಹಿಂದೆಯೇ ಅವಳಿಗೂ ಅಳು ಬಂತು.

ಮರಿಸಿದ್ದಪ್ಪ ಕಣ್ಣೊರೆಸಿಕೊಂಡು ಬೀಗದಕೈಯನ್ನು ಅಕ್ಕನ ಕೈಗೆ ತುರುಕಿದ. “ತಗೋ. ಆ ಕೋಣೆ ನಿನ್ನದು.”

ಚೆನ್ನಾಜಮ್ಮ ಕೆಂಡ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. “ಶಿವ ಶಿವಾ! ಬುದ್ಧಿಯೋರ ಕೋಣೇಲಿ ನಾನಾ? ಬಿಟ್ಟುಬಿಡಿ, ನಾನು ಮಠಕ್ಕೇ ಹೋಗ್ತೀನಿ.”

ಎಲ್ಲರೂ ಬುದ್ಧಿಯವರ ಕಡೆ ನೋಡಿದರು. ಅವರು ಆಗಲೇ ಎದ್ದು ಹೋಗಿ ನಂದಿ ಬಾಗಿಲನ್ನು ಹಿಂದೆ ಮುಂದೆ ಆಡಿಸುತ್ತಿದ್ದರು.

“ಮರಿಸಿದ್ದಪ್ಪ, ಇದಕ್ಕೆ ಚಿಲಕ ಎಲ್ಲಿದೆಯಪ್ಪ?”

“ಹೊರಗಿದೆಯಲ್ಲ ಬುದ್ಧಿ.”

“ಒಳಗೆ?”

“ಒಳಗೆ ಇಲ್ಲ. ಬೀಗ ಹಾಕೋ ಕೋಣೆ ಅಂತ ಆಚಾರಿಗೆ ಹೊರಗಡೆಗೇ ಹೇಳಿದ್ದೆ. ತಾವು ಯಾಕೆ ಚಿಲಕ ಹಾಕಿಕೊಳ್ತೀರಿ?”

“ಸ್ಕ್ರೂಡ್ರೈವರ್ ತಗೊಂಡು ಬಾ.”

ಸಿಂಚನ ಓಡಿಹೋಗಿ ತಂದಳು. ಬುದ್ಧಿಯವರು ಅದನ್ನು ಮರಿಸಿದ್ದಪ್ಪನ ಕೈಗೆ ಕೊಟ್ಟರು. ಅವನು ಮೊಣಕಾಲೂರಿ ಚಿಲಕ ಬಿಚ್ಚತೊಡಗಿದ. ಹೋಟೆಲು ನಡೆಸುವ ಕೈ, ತಿರುಪು ಜಾರಿ ಜಾರಿ ಬೀಳುತ್ತಿತ್ತು. ಬುದ್ಧಿಯವರು ಬಗ್ಗಿ ಒಂದೊಂದನ್ನೂ ಹೆಕ್ಕಿ ಅಂಗೈಯಲ್ಲಿ ಹಿಡಿದುಕೊಂಡು ನಿಂತರು.

“ಹೊಸ ಬಾಗಿಲು ಬುದ್ಧಿ, ಹೊರಗೆ ತೂತು ಕಾಣುತ್ತೆ,” ಅಂದ ಮರಿಸಿದ್ದಪ್ಪ, ಅಭ್ಯಾಸಬಲ.

“ಕಾಣಲಿ.”

ಚಿಲಕ ಒಳಗೆ ಬಂದು ಕೂತಿತು. ಸ್ವಲ್ಪ ವಾರೆಯಾಗಿತ್ತು. ಆದರೂ ಬೀಳುತ್ತಿತ್ತು, ಏಳುತ್ತಿತ್ತು.

ಬುದ್ಧಿಯವರು ಚೆನ್ನಾಜಮ್ಮನ ಕಡೆ ತಿರುಗಿದರು.

“ತಾಯಿ, ಇದು ನನ್ನ ಕೋಣೆ ಅಂತ ನಿನ್ನ ತಮ್ಮನೇ ಅಂದಿದ್ದಾನೆ. ನನ್ನದಾದ ಮೇಲೆ ಯಾರಿಗಾದರೂ ಕೊಡಬಹುದಲ್ಲ. ನಿನಗೆ ಕೊಟ್ಟೆ. ಇನ್ನು ನಾನು ಬಂದಾಗ ಜಗಲಿ ಇದೆ, ಕಂಬಳಿ ಇದೆ.”

“ಬುದ್ಧಿ...”

“ಮಠದ ಅಡುಗೆಮನೇಲೂ ನಿನಗೆ ಜಾಗ ಇದೆ. ಆ ಮಾತು ತಪ್ಪಲ್ಲ. ಬಾ ಅಂತ ನಾನು ಅನ್ನಲ್ಲ, ಇರು ಅಂತ ಇವನೂ ಅನ್ನಕೂಡದು. ಒಳಗೆ ಹೋಗು. ಕದ ಹಾಕ್ಕೊ. ಒಬ್ಬಳೇ ಕೂತು ಯೋಚನೆ ಮಾಡು. ಹೋಗೋದಾದರೆ ನಾಳೆ ನನ್ನ ಜೊತೇಲೇ ಹೊರಡುವೆಯಂತೆ.”

ಚೆನ್ನಾಜಮ್ಮ ಒಂದು ಕ್ಷಣ ನಿಂತಳು. ಬುದ್ಧಿಯವರ ಪಾದ ಮುಟ್ಟಿದಳು. ಟ್ರಂಕಿನ ಮೇಲಿದ್ದ ಗಂಟನ್ನು ಎತ್ತಿ ಎದೆಗವಚಿಕೊಂಡು, ಹೊಸ್ತಿಲು ದಾಟಿ, ಒಳಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಮನೆ ಗಪ್‌ಚಿಪ್.

ಬುದ್ಧಿಯವರು ನಡುಮನೆಯಲ್ಲಿ ಎಲೆ ಅಡಿಕೆ ತಟ್ಟೆ ಎಳೆದುಕೊಂಡು ಕೂತರು. ಮರಿಸಿದ್ದಪ್ಪನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಗಂಟು ಒಳಗೆ ಯಾಕೆ ತಗೊಂಡು ಹೋದಳು? ಬಿಚ್ಚೋಕಾ, ಇನ್ನೂ ಗಟ್ಟಿಯಾಗಿ ಕಟ್ಟೋಕಾ? ಕಿವಿಯನ್ನು ಬಾಗಿಲಿಗೆ ಕೊಡಲು ಹೋದ. ಬುದ್ಧಿಯವರು ಕೆಮ್ಮಿದರು. ಹಿಂದಕ್ಕೆ ಬಂದ.

ಮತ್ತೆ ಹೋಟೆಲಿನಿಂದ ಯಾರೋ ಬಂದು “ಅಕ್ಕಾ” ಅನ್ನಲು ಬಾಯಿ ತೆರೆದರು. ಮಂಗಳ ಬೀದಿಯಲ್ಲೇ ತಡೆದು, ಡಬ್ಬಿ ತಾನೇ ಕೊಟ್ಟು ಕಳಿಸಿದಳು.

ಬಿಸಿಲು ಹಿತ್ತಲಿಗೆ ಇಳಿಯಿತು. ಮರಿಸಿದ್ದಪ್ಪನ ಮುಖ ಸಣ್ಣಗಾಯಿತು. ಹೊರಟುಹೋಗುತ್ತಾಳೆ, ಖಂಡಿತ ಹೊರಟುಹೋಗುತ್ತಾಳೆ ಅಂತ ಅವನಿಗೆ ಅನ್ನಿಸತೊಡಗಿತು.

ಚಿಲಕ ಎದ್ದಿತು. ಬಾಗಿಲು ಒಂದು ಗೇಣು ತೆರೆಯಿತು. ಚೆನ್ನಾಜಮ್ಮನ ಮುಖ.

“ಸಿಂಚನಾ, ಒಂದು ಸುತ್ತಿಗೆ, ಒಂದು ಮೊಳೆ ಕೊಡವ್ವ.”

ಕೊಟ್ಟಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಒಳಗಿನಿಂದ ಠಕ್ ಠಕ್ ಠಕ್.

ಮೊನ್ನೆ ತಾನೇ ಬಣ್ಣ ಹೊಡೆಸಿದ ಗೋಡೆ. ಹಾಳಾಗಿ ಹೋಗಲಿ ಗೋಡೆ!

“ರೀ,” ಅಂದಳು ಮಂಗಳ, ಗಂಡನ ತೋಳು ಹಿಡಿದು. “ಹೊರಟು ನಿಂತೋರು ಯಾರಾದರೂ ಮೊಳೆ ಹೊಡೀತಾರೇನ್ರೀ?”

ಮರಿಸಿದ್ದಪ್ಪನಿಗೆ ಆನಂದ ತಡೆಯಲಾಗಲಿಲ್ಲ. ನಕ್ಕ, ಅತ್ತ, ಬುದ್ಧಿಯವರಿಗೆ ಅಡ್ಡಬಿದ್ದ, ಎದ್ದ. ಎದ್ದವನು ನೆಟ್ಟಗೆ ಆ ಬಾಗಿಲ ಹತ್ತಿರಕ್ಕೇ ಹೋದ.

“ಏನು ನೇತುಹಾಕ್ತಾ ಇದ್ದಾಳೆ ಬುದ್ಧಿ? ಭಾವನ ಫೋಟೋನಾ? ಮೊಳೆ ಸರಿಯಾಗಿ ಇಳೀತೋ ಇಲ್ವೋ. ಒಂದೇ ಒಂದು ಸಲ ನೋಡಿಬರಲಾ?”

ಬುದ್ಧಿಯವರು ಎಲೆಗೆ ಸುಣ್ಣ ಹಚ್ಚುತ್ತಾ, ತಲೆ ಎತ್ತದೆ ಹೇಳಿದರು.

“ಅವಳು ತೆಗೆಯೋ ತನಕ ಅದು ಗೋಡೆ ಕಣಪ್ಪ.”